ಹುಳುಕು ಹಲ್ಲು: ಸಿಮೆಂಟ್ ಸಾಕೇ, ಕ್ಯಾಪ್ ಬೇಕೇ, ಕಿತ್ತು ಕಟ್ಟಿಸಬೇಕೇ?

ಹುಳುಕು ತೆಗೆದ ಮೇಲೆ ಗಟ್ಟಿ ಹಲ್ಲು ಎಷ್ಟು ಉಳಿಯುತ್ತದೆ? ದಂತವೈದ್ಯರು ಲೆಕ್ಕ ಹಾಕುವುದು ಇದನ್ನೇ. ಸಿಮೆಂಟ್ ತುಂಬಿದರೆ ಸಾಕೋ, ರೂಟ್ ಕೆನಾಲ್ (ಹಲ್ಲಿನೊಳಗಿನ ನರ ತೆಗೆದು ಮುಚ್ಚುವುದು) ಮಾಡಿ ಮೇಲೆ ಕ್ಯಾಪ್ ಹಾಕಬೇಕೋ, ಕಿತ್ತು ಬೇರೆ ಹಲ್ಲು ಕಟ್ಟಬೇಕೋ ಎಂಬ ತೀರ್ಮಾನವೆಲ್ಲ ಆ ಉಳಿದ ಹಲ್ಲಿನ ಮೇಲೆ ನಿಂತಿದೆ. ಹಲ್ಲು ಕಳೆದುಕೊಂಡವರಲ್ಲಿ ಎಷ್ಟೋ ಜನ ಆಸ್ಪತ್ರೆಯ ಮೆಟ್ಟಿಲು ಹತ್ತಿದವರೇ. ನೋವು ನಿಂತಿತಲ್ಲ ಎಂದು ಮೂರನೇ ಸಲಕ್ಕೆ ಹೋಗಲಿಲ್ಲ, ಕ್ಯಾಪ್ ಬೆಳೆ ಬಂದ ಮೇಲೆ ಹಾಕಿಸೋಣ ಎಂದುಕೊಂಡರು, ಅಷ್ಟರಲ್ಲಿ ಹಲ್ಲು ಎರಡು ಹೋಳಾಯಿತು. ಅದಕ್ಕೇ ಇಲ್ಲಿ ಪ್ರತಿ ಚಿಕಿತ್ಸೆ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನೂ ಬಿಡಿಸಿ ಹೇಳಿದ್ದೇವೆ.

ನೋವಿನ ಬಗೆ ನೋಡಿ

ತಣ್ಣೀರು ಕುಡಿದಾಗ ಹಲ್ಲು ಜುಂ ಎಂದು, ನುಂಗಿದ ಕೂಡಲೇ ನಿಂತುಹೋದರೆ ಒಳಗಿನ ನರ ಇನ್ನೂ ಚೆನ್ನಾಗಿದೆ. ಇಂಥ ಹಲ್ಲಿಗೆ ಸಾಮಾನ್ಯವಾಗಿ ಸಿಮೆಂಟ್ ಸಾಕು. ಬಿಸಿ ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೂ ನೋವು ನಿಮಿಷಗಟ್ಟಲೆ ಎಳೆಯುತ್ತಿದ್ದರೆ, ರಾತ್ರಿ ಮಲಗಿದರೆ ನಾಡಿಯಂತೆ ಮಿಡಿಯುತ್ತಿದ್ದರೆ ನರಕ್ಕೆ ಊತ ಬಂದಿದೆ ಎಂದು ಅರ್ಥ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಏರುತ್ತದೆ. ಗಟ್ಟಿ ಹಲ್ಲಿನೊಳಗೆ ಊದಿದ ನರಕ್ಕೆ ಹಿಗ್ಗಲು ಜಾಗ ಇರುವುದಿಲ್ಲ. ರಾತ್ರಿ ನೋವು ಹೆಚ್ಚುವುದು ಇದರಿಂದ. ಈ ಹಂತದಲ್ಲಿ ಮೇಲೆ ಸಿಮೆಂಟ್ ಮೆತ್ತಿದರೆ ನೋವು ಇನ್ನೂ ಜಾಸ್ತಿಯಾಗುತ್ತದೆ. ಇಲ್ಲಿ ರೂಟ್ ಕೆನಾಲೇ ಬೇಕು.

ವಾರಗಟ್ಟಲೆ ಕಾಡಿದ ನೋವು ಒಂದು ದಿನ ತಾನಾಗಿ ನಿಂತುಹೋಗುವುದುಂಟು. ವಾಸಿಯಾಯಿತೆಂದು ಸಂತೋಷಪಡಬೇಡಿ, ನರ ಸತ್ತಿದೆ. ಸೋಂಕು ಬೇರಿನ ತುದಿಗೆ ಇಳಿದು ಅಲ್ಲಿ ಕೀವು ಕಟ್ಟುತ್ತದೆ. ಸ್ವಲ್ಪ ದಿನದಲ್ಲಿ ವಸಡಿನ ಮೇಲೆ ಮೊಡವೆಯಂಥ ಗುಳ್ಳೆ ಎದ್ದು, ಒಡೆದು, ಮತ್ತೆ ಏಳುತ್ತದೆ. ಇನ್ನೊಂದು ಬಗೆ ಇದೆ: ಕಚ್ಚುವಾಗ ಏನೂ ಇಲ್ಲ, ಕಚ್ಚಿ ಬಿಟ್ಟಾಗ ಚುಳ್ ಎನ್ನುತ್ತದೆ. ಅದು ಹಲ್ಲು ಬಿರುಕು ಬಿಟ್ಟಿರುವ ಲಕ್ಷಣ. ಅಡಿಕೆ, ಒಣ ಕೊಬ್ಬರಿ, ನಿಪ್ಪಟ್ಟು ಕಡಿಯುವ ಅಭ್ಯಾಸ ಇರುವವರು ಡಾಕ್ಟರಿಗೆ ಇದನ್ನು ಮೊದಲೇ ಹೇಳಿ. ಸಣ್ಣ ಬಿರುಕು ಎಕ್ಸ್‌ರೇಯಲ್ಲಿ ಕಾಣುವುದು ಅಪರೂಪ.

ಮೆಡಿಕಲ್ ಸ್ಟೋರಿನಿಂದ ತಂದ ಆ್ಯಂಟಿಬಯಾಟಿಕ್ ಹುಳುಕನ್ನಾಗಲಿ ಸತ್ತ ನರವನ್ನಾಗಲಿ ಸರಿಮಾಡದು, ಯಾಕೆಂದರೆ ಸತ್ತ ನರದೊಳಕ್ಕೆ ರಕ್ತ ಹರಿಯುವುದಿಲ್ಲ, ಮಾತ್ರೆಯ ಔಷಧವೂ ಹೋಗುವುದಿಲ್ಲ. ಹಲ್ಲಿನ ಪಕ್ಕ ಹೊಗೆಸೊಪ್ಪು, ಕರ್ಪೂರ, ನೋವಿನ ಮಾತ್ರೆ ಒತ್ತಿಟ್ಟುಕೊಂಡರೆ ವಸಡು ಸುಟ್ಟು ಬೆಳ್ಳಗಾಗುತ್ತದೆ. ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಒಂದೇ ಹನಿ ಅದ್ದಿ ಹಲ್ಲಿನ ಗುಳಿಯೊಳಗೆ ಇಟ್ಟರೆ ತುಸು ಹೊತ್ತು ಸಮಾಧಾನ ಸಿಗಬಹುದು, ಅಷ್ಟೇ. ಆದರೆ ಕೆಳದವಡೆಯ ಊತ ಕುತ್ತಿಗೆಗೆ ಇಳಿದು, ಜ್ವರ ಬಂದು, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬಾರದು. ಆ ಊತ ಉಸಿರಿನ ದಾರಿಯನ್ನೇ ಮುಚ್ಚಬಲ್ಲದು. ರಾತ್ರಿಯಾದರೂ ಸರಿ, ನೇರವಾಗಿ ಜಿಲ್ಲಾಸ್ಪತ್ರೆಗೆ ಹೋಗಿ.

ಸಿಮೆಂಟ್ ತುಂಬುವುದು

ಜನ ಸಿಮೆಂಟ್ ಎನ್ನುವುದರಲ್ಲಿ ಈಗ ಮುಖ್ಯವಾಗಿ ಎರಡು ಬಗೆ. ಒಂದು ಹಲ್ಲಿನ ಬಣ್ಣದ ಕಾಂಪೋಸಿಟ್, ನೀಲಿ ಬೆಳಕಿಗೆ ಗಟ್ಟಿಯಾಗುವಂಥದ್ದು. ಇನ್ನೊಂದು ಗ್ಲಾಸ್ ಅಯೊನೊಮರ್. ಇದು ಹಲ್ಲಿಗೆ ತಾನಾಗಿ ಅಂಟಿಕೊಂಡು ಸ್ವಲ್ಪ ಸ್ವಲ್ಪ ಫ್ಲೋರೈಡ್ ಬಿಡುತ್ತದೆ. ಮಕ್ಕಳ ಹಾಲುಹಲ್ಲಿಗೆ, ವಸಡಿನ ಅಂಚಿನಲ್ಲಿ ತೇದುಹೋದ ಜಾಗಕ್ಕೆ ಒಳ್ಳೆಯದು, ದವಡೆ ಹಲ್ಲಿನ ಮೇಲೆ ಅಗಿಯುವ ಭಾರಕ್ಕೆ ಬೇಗ ಸವೆಯುತ್ತದೆ. ಪಾದರಸ ಬೆರೆತ ಬೆಳ್ಳಿ ಬಣ್ಣದ ಫಿಲ್ಲಿಂಗ್ ಬಾಳಿಕೆ ಬರುತ್ತದಾದರೂ ಹೊಸದಾಗಿ ಹಾಕುವುದು ಕಡಿಮೆಯಾಗಿದೆ. ಹಳೆಯದು ಗಟ್ಟಿಯಾಗಿದ್ದರೆ ಬಣ್ಣಕ್ಕಾಗಿ ಕಿತ್ತು ತೆಗೆಸಬೇಕಿಲ್ಲ.

ಕಾಂಪೋಸಿಟ್ ಹಾಕುವ ಕೆಲಸದ ಗುಟ್ಟೆಲ್ಲ ಒಣಗಿರುವುದರಲ್ಲಿದೆ. ಮೆತ್ತಗಾದ ಹುಳುಕನ್ನು ಕೊರೆದು ತೆಗೆದ ಮೇಲೆ 37 ಶೇಕಡಾ ಫಾಸ್ಫಾರಿಕ್ ಆಮ್ಲದ ಜೆಲ್ಲನ್ನು ಸುಮಾರು 15 ಸೆಕೆಂಡ್ ಹಚ್ಚಿ ತೊಳೆಯುತ್ತಾರೆ. ಹೊಳೆಯುತ್ತಿದ್ದ ಹಲ್ಲಿನ ಅಂಚು ಸೀಮೆಸುಣ್ಣದಂತೆ ಮಂಕು ಬಿಳಿಯಾಗುತ್ತದೆ. ಆ ತರಿತರಿಯೊಳಕ್ಕೆ ಅಂಟು ಇಳಿಯಬೇಕು. ಇಷ್ಟರಲ್ಲಿ ನಾಲಗೆ ತಾಗಿ ಎಂಜಲು ಬಿದ್ದರೆ ಅಂಟು ಹಿಡಿಯುವುದಿಲ್ಲ, ಮೊದಲಿನಿಂದ ಮಾಡಬೇಕು. ಬಾಯಿಗೆ ಹತ್ತಿ ಉರುಳೆ ಇಟ್ಟಾಗ, ರಬ್ಬರ್ ಹಾಳೆ ಕಟ್ಟಿದಾಗ ಕಿರಿಕಿರಿ ಎನಿಸಿದರೂ ತಡೆದುಕೊಳ್ಳಿ, ನಿಮ್ಮ ಫಿಲ್ಲಿಂಗ್ ಬಾಳುವುದು ಅದರಿಂದಲೇ. ಆಮೇಲೆ 2 ಮಿಲಿಮೀಟರಿಗಿಂತ ದಪ್ಪವಾಗದಂತೆ ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ಸಾಮಾನ್ಯವಾಗಿ 20 ಸೆಕೆಂಡ್ ಬೆಳಕು ಹಿಡಿಯುತ್ತಾರೆ. ಒಂದೇ ಮುದ್ದೆಯಾಗಿ ತುಂಬಿದರೆ ತಳದ ಭಾಗ ಹಸಿಯಾಗಿಯೇ ಉಳಿಯುತ್ತದೆ. ಗಟ್ಟಿಯಾಗುವಾಗ ಕುಗ್ಗಿ ಅಂಚಿನಲ್ಲಿ ಸಂದಿ ಬಿಡುತ್ತದೆ, ಆ ಸಂದಿಯಲ್ಲಿ ಮತ್ತೆ ಹುಳುಕು ಶುರುವಾಗುತ್ತದೆ. ಹೆಚ್ಚು ದಪ್ಪ ತುಂಬಲೆಂದೇ ಬಂದಿರುವ ಬೇರೆ ಕಾಂಪೋಸಿಟ್ಟೂ ಇದೆ, ಅದಕ್ಕೆ ಈ 2 ಮಿಲಿಮೀಟರಿನ ಕಟ್ಟಿಲ್ಲ.

ಕೊನೆಯಲ್ಲಿ ಹಲ್ಲುಗಳ ನಡುವೆ ಬಣ್ಣದ ತೆಳು ಕಾಗದ ಇಟ್ಟು ಕಚ್ಚಿ ಎನ್ನುತ್ತಾರೆ. ಬರೀ ಕಚ್ಚಿದರೆ ಸಾಲದು. ಎಲೆ ಅಡಿಕೆ ಅಗಿದ ಹಾಗೆ ದವಡೆಯನ್ನು ಎಡಕ್ಕೂ ಬಲಕ್ಕೂ ಉಜ್ಜಿ ತೋರಿಸಿ. ಫಿಲ್ಲಿಂಗ್ ಮೇಲೆ ದಟ್ಟ ನೀಲಿ ಚುಕ್ಕೆ ಬಿದ್ದಿದ್ದರೆ ಅಷ್ಟು ಭಾಗ ಎತ್ತರವಾಗಿದೆ, ಅಲ್ಲಿ ಉಜ್ಜಿ ಇಳಿಸಬೇಕು. ಮರಗಟ್ಟಿದ ಬಾಯಿಗೆ ಈ ಎತ್ತರ ತಿಳಿಯದೆ ಮನೆಗೆ ಹೋದ ಮೇಲೆ ಮೊದಲ ತುತ್ತಿಗೇ ಗೊತ್ತಾಗುವುದುಂಟು. ಕೂದಲೆಳೆಯಷ್ಟು ಎತ್ತರವೂ ಆ ಹಲ್ಲನ್ನು ದಿನಗಟ್ಟಲೆ ನೋಯಿಸುತ್ತದೆ. ಅಭ್ಯಾಸವಾಗುತ್ತದೆ ಎಂದು ಸುಮ್ಮನಿರದೆ ವಾಪಸ್ಸು ಹೋಗಿ. ಐದು ನಿಮಿಷದ ಕೆಲಸ.

ಕಾಂಪೋಸಿಟ್ ಆದ ಮೇಲೆ ಮರಗಟ್ಟು ಇಳಿದ ಕೂಡಲೇ ತಿನ್ನಬಹುದು. ಗ್ಲಾಸ್ ಅಯೊನೊಮರ್, ಬೆಳ್ಳಿ ಫಿಲ್ಲಿಂಗ್ ಆಗಿದ್ದರೆ 24 ಗಂಟೆ ಆ ಕಡೆ ಗಟ್ಟಿ ಪದಾರ್ಥ ಅಗಿಯಬೇಡಿ. ಇಂಜೆಕ್ಷನ್ ಕೊಟ್ಟ ತುಟಿ ಎರಡು ಮೂರು ಗಂಟೆ ಮರಗಟ್ಟಿರುತ್ತದೆ. ಮಕ್ಕಳು ತಮಾಷೆಗೆಂದು ತುಟಿ ಅಗಿದು ಹುಣ್ಣು ಮಾಡಿಕೊಳ್ಳುತ್ತಾರೆ, ಮೇಲೊಂದು ಕಣ್ಣಿಟ್ಟಿರಿ.

ಬೋರ್‌ವೆಲ್ ನೀರಿನ ಕಲೆ

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ವಿಷಯ. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು. ಇದಕ್ಕಿಂತ ಹೆಚ್ಚಿನ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಕಂದು ಪಟ್ಟೆ, ಜಾಸ್ತಿಯಾದರೆ ಗುಳಿ. ಈ ಹಾನಿ ಆಗುವುದು ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗ, ಮುಖ್ಯವಾಗಿ 8 ವರ್ಷದೊಳಗೆ. ಶುದ್ಧ ನೀರಿನ ಘಟಕದ ನೀರನ್ನು ಚಿಕ್ಕ ಮಕ್ಕಳಿಗೆ ಮೊದಲು ಕೊಡಿ ಎನ್ನುವುದು ಇದಕ್ಕೇ. ಅಡುಗೆಗೂ ಅದೇ ನೀರು ಬಳಸಿ, ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ.

ಬಂದ ಕಲೆ ಇಟ್ಟಿಗೆ ಪುಡಿ, ಇದ್ದಿಲು, ಉಪ್ಪು ಹಾಕಿ ತಿಕ್ಕಿದರೆ ಹೋಗದು. ಅದು ಹಲ್ಲಿನ ಮೇಲೆ ಅಂಟಿದ ಕೊಳೆಯಲ್ಲ, ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ಲಿನೊಳಗೇ ಇದೆ. ಕ್ಲೀನಿಂಗ್‌ನಿಂದಲೂ ಹೋಗುವುದಿಲ್ಲ. ತೆಳು ಕಲೆಯಾದರೆ ಆಮ್ಲದ ಪೇಸ್ಟಿನಿಂದ ಮೇಲ್ಪದರವನ್ನು ಅತಿ ತೆಳ್ಳಗೆ ಸವೆಸಿ, ಬೇಕಿದ್ದರೆ ಬ್ಲೀಚ್ ಮಾಡುತ್ತಾರೆ. ಗುಳಿ ಬಿದ್ದಿದ್ದರೆ ಕಾಂಪೋಸಿಟ್ಟಿನಿಂದ ಮುಚ್ಚುವುದು, ಗಾಢ ಕಂದಾಗಿದ್ದರೆ ಮುಂಭಾಗವನ್ನು ಅರ್ಧ ಮಿಲಿಮೀಟರಿನಷ್ಟು ಉಜ್ಜಿ ವಿನೀರ್ ಎಂಬ ಹಲ್ಲಿನ ಬಣ್ಣದ ತೆಳು ಹೊದಿಕೆ ಅಂಟಿಸುವುದು. ಫ್ಲೋರೈಡ್ ತಿಂದ ಎನಾಮಲ್ಲಿನ ಮೇಲ್ಪದರಕ್ಕೆ ಆಮ್ಲ ಬೇಗ ಹತ್ತುವುದಿಲ್ಲ, ಮಾಮೂಲಿ 15 ಸೆಕೆಂಡ್ ಸಾಲದೆ ಇನ್ನಷ್ಟು ಹೊತ್ತು ಬಿಡಬೇಕಾಗುತ್ತದೆ. ಹಚ್ಚಿದ ಫಿಲ್ಲಿಂಗ್ ಪದೇ ಪದೇ ಉದುರುತ್ತಿದ್ದರೆ ಇದೂ ಒಂದು ಕಾರಣ. ನೀವು ಬೆಳೆದ ಊರು ಯಾವುದು, ಯಾವ ನೀರು ಕುಡಿದಿರಿ ಎಂದು ಡಾಕ್ಟರಿಗೆ ಹೇಳಿ. ಮದುವೆ ಗೊತ್ತಾಯಿತೆಂದು ಇಪ್ಪತ್ತರ ಹುಡುಗಿಯ ಗಟ್ಟಿಮುಟ್ಟಾದ ಮುಂದಿನ ಆರು ಹಲ್ಲನ್ನೂ ಸುತ್ತ ಉಜ್ಜಿಸಿ ಕ್ಯಾಪ್ ಹಾಕಿಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಆ ಕ್ಯಾಪುಗಳನ್ನು ಅವಳು ಜೀವಮಾನದಲ್ಲಿ ಎಷ್ಟೋ ಸಲ ಬದಲಿಸಬೇಕಾಗುತ್ತದೆ.

ರೂಟ್ ಕೆನಾಲ್

ಮರಗಟ್ಟಿಸಿ, ಹಲ್ಲಿನ ಮೇಲಿನಿಂದ ರಂಧ್ರ ಮಾಡಿ, ಊದಿದ ಅಥವಾ ಸತ್ತ ನರವನ್ನು ಬೇರಿನ ತುದಿಯವರೆಗೂ ತೆಗೆದು, ತೊಳೆದು, ಮುಚ್ಚುವ ಕೆಲಸ ಇದು. ಮುಂದಿನ ಮೇಲುಹಲ್ಲಿಗೆ ಸಾಮಾನ್ಯವಾಗಿ ನರ ಇರುವ ಕಾಲುವೆ ಒಂದೇ, ಕೆಳ ದವಡೆ ಹಲ್ಲಿಗೆ ಮೂರು, ಕೆಲವರಲ್ಲಿ ನಾಲ್ಕು. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ನಾಲ್ಕನೆಯದೊಂದು ಅಡಗಿ ಕೂತಿರುವುದು ಬಹಳ ಸಾಮಾನ್ಯ. ಆ ಒಂದು ಬಿಟ್ಟುಹೋದರೆ ತಿಂಗಳುಗಳ ಮೇಲೆ ಅದೇ ಹಲ್ಲು ಮತ್ತೆ ನೋಯುತ್ತದೆ.

ದಾರದಷ್ಟು ಸಣ್ಣ ಫೈಲುಗಳಿಂದ ಕಾಲುವೆಯನ್ನು ಉಜ್ಜುತ್ತಾ ನಡುನಡುವೆ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಿಂದ ತೊಳೆಯುತ್ತಾರೆ. ಮನೆಯಲ್ಲಿ ಬಳಸುವ ಬ್ಲೀಚಿನ ಜಾತಿಯದೇ ಇದು. ಫೈಲು ತಲುಪದ ಮೂಲೆಯ ಕೊಳೆತ ಅಂಗಾಂಶವನ್ನು ಕರಗಿಸುವುದು ಈ ದ್ರಾವಣ, ಹಾಗಾಗಿ ತೊಳೆಯಲು ತೆಗೆದುಕೊಳ್ಳುವ ಸಮಯ ದಂಡವಲ್ಲ. ದ್ರಾವಣ ಗಂಟಲಿಗೆ ಇಳಿಯದಿರಲಿ, ಎಂಜಲು ಹಲ್ಲಿನ ಒಳಹೋಗದಿರಲಿ ಎಂದು ರಬ್ಬರ್ ಡ್ಯಾಮ್ ಎಂಬ ರಬ್ಬರ್ ಹಾಳೆ ಕಟ್ಟಬೇಕು. ಕಟ್ಟುತ್ತೀರಾ ಎಂದು ಕೇಳಲು ಸಂಕೋಚ ಬೇಡ. ಬೇರಿನ ಉದ್ದವನ್ನು ಯಂತ್ರದಿಂದ ಅಳೆದು ಎಕ್ಸ್‌ರೇಯಲ್ಲಿ ಖಚಿತ ಮಾಡಿಕೊಳ್ಳುತ್ತಾರೆ. ಕೊನೆಗೆ ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ಗುಲಾಬಿ ಕಡ್ಡಿಯನ್ನು ಅಂಟಿನೊಡನೆ ಇಳಿಸಿ ಮುಚ್ಚುತ್ತಾರೆ. ಕೊನೆಯ ಎಕ್ಸ್‌ರೇಯನ್ನು ಕೇಳಿ ನೋಡಿ: ಬೇರಿನೊಳಗೆ ಬೆಳ್ಳಗಿನ ಗೆರೆ ತುದಿಗೆ 2 ಮಿಲಿಮೀಟರಿನೊಳಗೆ ನಿಂತಿರಬೇಕು, ನಡುವೆ ಖಾಲಿ ಕಪ್ಪು ಜಾಗ ಇರಬಾರದು. ಅದರ ಪ್ರತಿಯನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇರೆ ಊರಿನ ಡಾಕ್ಟರಿಗೆ ತೋರಿಸಬೇಕಾದರೆ ಬೇಕಾಗುತ್ತದೆ.

ಕೀವು ಸುರಿಯದ ಹಲ್ಲಾದರೆ ಒಂದೇ ಸಲಕ್ಕೆ ಮುಗಿಸಬಹುದು, ಇಲ್ಲದಿದ್ದರೆ ಎರಡು ಮೂರು ಸಲ. ಪಾವಗಡದಿಂದ ತುಮಕೂರಿಗೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿಯೇ ಹೋಯಿತು. ಆದ್ದರಿಂದ ಎಷ್ಟು ಸಲ ಬರಬೇಕು, ರೂಟ್ ಕೆನಾಲಿಗೆಷ್ಟು, ಕ್ಯಾಪಿಗೆಷ್ಟು ಎಂದು ಮೊದಲ ದಿನವೇ ಬರೆಸಿಕೊಳ್ಳಿ. ನಡುವೆ ಹಾಕಿ ಕಳಿಸುವ ಬಿಳಿ ಸಿಮೆಂಟ್ ತಾತ್ಕಾಲಿಕದ್ದು, ಕೆಲವು ವಾರಕ್ಕಷ್ಟೇ. ಅದು ಸೋರತೊಡಗಿದರೆ ಎಂಜಲಿನ ಜೊತೆ ಸೋಂಕು ಮತ್ತೆ ಕಾಲುವೆಗಿಳಿದು ಮಾಡಿದ್ದೆಲ್ಲ ಹಾಳು. ಮುಗಿದ ಮೇಲೆ ಎರಡು ಮೂರು ದಿನ ಕಚ್ಚಿದಾಗ ಮೆಲ್ಲಗೆ ನೋವಿರುವುದು ಸಹಜ, ಊತ ಬಂದರೆ ಸಹಜವಲ್ಲ.

ಕ್ಯಾಪ್ ಬಿಟ್ಟರೆ ಏನಾಗುತ್ತದೆ

ಹುಳುಕು ತಿಂದಿದ್ದು ಒಂದಷ್ಟು, ರೂಟ್ ಕೆನಾಲಿಗೆ ಕೊರೆದಿದ್ದು ಒಂದಷ್ಟು, ಹೀಗೆ ದವಡೆ ಹಲ್ಲು ತೆಳು ಗೋಡೆಯ ಬಟ್ಟಲಿನಂತಾಗಿರುತ್ತದೆ. ಒಂದು ದಿನ ಹುರಿಗಾಳಿನಲ್ಲಿ ಕಲ್ಲು ಸಿಕ್ಕರೆ ಗೋಡೆ ಬೇರಿನವರೆಗೂ ಸೀಳುತ್ತದೆ. ಸೀಳು ಬೇರಿಗಿಳಿದ ಹಲ್ಲನ್ನು ಉಳಿಸಲು ಆಗುವುದಿಲ್ಲ, ಕೀಳಲೇಬೇಕು. ರೂಟ್ ಕೆನಾಲಿಗೆ ಕೊಟ್ಟ ದುಡ್ಡೂ ಹೋಯಿತು, ಹಲ್ಲೂ ಹೋಯಿತು. ಆದ್ದರಿಂದ ದವಡೆ ಹಲ್ಲಿಗೆ ಕ್ಯಾಪನ್ನು ಕೆಲವೇ ವಾರದೊಳಗೆ ಹಾಕಿಸಿ. ಹೆಚ್ಚು ಭಾಗ ಗಟ್ಟಿಯಾಗಿಯೇ ಉಳಿದ ಮುಂದಿನ ಹಲ್ಲಿಗೆ ಮಾತ್ರ ಕ್ಯಾಪಿಲ್ಲದೆ ನಡೆಯಬಹುದು.

ಕ್ಯಾಪ್ ನಿಲ್ಲಬೇಕಾದರೆ ವಸಡಿನ ಮೇಲೆ ಸುತ್ತಲೂ ಕನಿಷ್ಠ 1.5ರಿಂದ 2 ಮಿಲಿಮೀಟರ್ ಗಟ್ಟಿ ಹಲ್ಲು ಇರಬೇಕು, ಗಾಡಿ ಚಕ್ರಕ್ಕೆ ಹಾಕಿದ ಪಟ್ಟಿಯಂತೆ ಕ್ಯಾಪು ಅದನ್ನು ಬಿಗಿದು ಹಿಡಿಯುತ್ತದೆ. ಅಷ್ಟೂ ಇಲ್ಲದ ಹಲ್ಲಿಗೆ ಬೇರಿನೊಳಗೆ ಕಡ್ಡಿ ಇಳಿಸಿ ಎಬ್ಬಿಸಬಹುದು, ಆದರೆ ಕಡ್ಡಿ ಹಲ್ಲಿಗೆ ಬಲ ಕೊಡುವುದಿಲ್ಲ, ಮೇಲಿನ ಸಿಮೆಂಟನ್ನು ಹಿಡಿಯುತ್ತದೆ ಅಷ್ಟೆ. ಪೂರ್ತಿ ಲೋಹದ ಕ್ಯಾಪು ಅಗ್ಗ, ತೆಳ್ಳಗೆ ಉಜ್ಜಿದರೆ ಸಾಕು, ಒಡೆಯುವುದಿಲ್ಲ, ಹಿಂದಿನ ಹಲ್ಲಿಗೆ ಇದರಲ್ಲಿ ತಪ್ಪೇನಿಲ್ಲ. ಲೋಹದ ಮೇಲೆ ಪಿಂಗಾಣಿ ಹಚ್ಚಿದ್ದರಲ್ಲಿ ಪಿಂಗಾಣಿ ಚಕ್ಕೆ ಏಳಬಹುದು, ವಸಡು ಇಳಿದಾಗ ಅಂಚಿನಲ್ಲಿ ಕಪ್ಪು ಗೆರೆ ಕಾಣಬಹುದು. ಜಿರ್ಕೋನಿಯಾ ಗಟ್ಟಿ, ಬಣ್ಣವೂ ಚೆಂದ, ದುಬಾರಿ.

ಅಂಟಿಸುವ ಮೊದಲು ಮೂರು ಪರೀಕ್ಷೆ ಆಗಲಿ. ದಾರ ಹಾಕಿದರೆ ಪಕ್ಕದ ಹಲ್ಲಿನ ನಡುವೆ ಬಿಗಿಯಾಗಿ, ಟಕ್ ಎಂದು ಇಳಿಯಬೇಕು. ಸಲೀಸಾಗಿ ಜಾರಿದರೆ ನಾಳೆ ಅಲ್ಲಿ ಸೊಪ್ಪು, ತೊಗರಿಬೇಳೆ ಸಿಕ್ಕಿಕೊಳ್ಳುತ್ತದೆ. ಅಂಚಿನಲ್ಲಿ ಡಾಕ್ಟರ ಸಣ್ಣ ಕೊಕ್ಕೆ ಎಲ್ಲೂ ತಡೆಯಬಾರದು. ಕಚ್ಚಿದಾಗ ಉಳಿದ ಹಲ್ಲುಗಳೂ ಒಟ್ಟಿಗೇ ಮುಟ್ಟಬೇಕು. ಅಂಟಿಸಿದ ಮೇಲೆ ತೆಗೆಯಬೇಕಾದರೆ ಕತ್ತರಿಸಬೇಕಾಗುತ್ತದೆ, ಅದಕ್ಕೇ ಅನುಮಾನವಿದ್ದರೆ ಆಗಲೇ ಹೇಳಿ. ಕ್ಯಾಪಿನ ಕೆಳಗೆ ಹುಳುಕು ಬರುವುದಿಲ್ಲ ಎಂದುಕೊಳ್ಳಬೇಡಿ. ಕ್ಯಾಪೂ ವಸಡೂ ಸೇರುವ ಅಂಚಿನಲ್ಲೇ ಅದು ಶುರುವಾಗುವುದು, ಬ್ರಶ್ ಅಲ್ಲಿಗೆ ತಲುಪಲಿ.

ಹಲ್ಲು ಕಿತ್ತ ಜಾಗ

ಒಂದು ಹಲ್ಲು ಹೋದರೆ ಪಕ್ಕದವು ಆ ಸಂದಿಗೆ ವಾಲುತ್ತವೆ, ಎದುರಿನದು ಉದ್ದಕ್ಕೆ ಇಳಿಯುತ್ತದೆ. ವರ್ಷಗಳ ಮೇಲೆ ಕಟ್ಟಿಸಲು ಹೋದರೆ ಜಾಗವೇ ಇರುವುದಿಲ್ಲ. ಬ್ರಿಡ್ಜ್ ಎಂದರೆ ಎರಡೂ ಪಕ್ಕದ ಹಲ್ಲನ್ನು ಉಜ್ಜಿ, ಮೂರು ಕ್ಯಾಪನ್ನು ಒಟ್ಟಿಗೆ ಕೂರಿಸುವುದು. ಪಕ್ಕದ ಹಲ್ಲುಗಳಲ್ಲಿ ಆಗಲೇ ದೊಡ್ಡ ಫಿಲ್ಲಿಂಗ್ ಇದ್ದರೆ ಒಳ್ಳೆಯ ಆಯ್ಕೆ, ಅವು ಇನ್ನೂ ಯಾವ ಕೆಲಸವೂ ಆಗದ ಗಟ್ಟಿ ಹಲ್ಲುಗಳಾಗಿದ್ದರೆ ಎರಡು ಸಲ ಯೋಚಿಸಿ. ನಡುವಿನ ಹುಸಿ ಹಲ್ಲಿನ ಕೆಳಗೆ ದಿನಾ ಸಣ್ಣ ಬ್ರಶ್ ತೂರಿಸಿ ತೊಳೆಯಬೇಕು. ಸಂತೆ, ಜಾತ್ರೆಯಲ್ಲಿ ಒಂದೇ ಗಂಟೆಯಲ್ಲಿ ಹಲ್ಲು ಕಟ್ಟಿಕೊಡುವವರು ಮಾಡುವುದು ಬೇರೆಯೇ: ಪಕ್ಕದ ಹಲ್ಲಿಗೆ ತಂತಿ ಸುತ್ತಿ, ಬೇಗ ಗಟ್ಟಿಯಾಗುವ ಪ್ಲಾಸ್ಟಿಕ್ ಮೆತ್ತುವುದು. ಕೆಳಗೆ ಅನ್ನ ಕೊಳೆತು ವಸಡು ಹುಣ್ಣಾಗಿ ಗಟ್ಟಿಯಿದ್ದ ಹಲ್ಲುಗಳೂ ಅಲ್ಲಾಡತೊಡಗುತ್ತವೆ.

ಇಂಪ್ಲಾಂಟ್ ಎಂದರೆ ಮೂಳೆಯೊಳಗೆ ಟೈಟೇನಿಯಂ ತಿರುಪು ಕೂರಿಸಿ ಮೇಲೆ ಹಲ್ಲು ಕಟ್ಟುವುದು. ಮೂಳೆ ಅದನ್ನು ಹಿಡಿಯಲು ಕೆಳದವಡೆಯಲ್ಲಿ ಸುಮಾರು 3 ತಿಂಗಳು, ಮೇಲೆ 4ರಿಂದ 6 ತಿಂಗಳು ಬೇಕು. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದಿದ್ದರೆ, ಬೀಡಿ ಸಿಗರೇಟು ಬಿಡದಿದ್ದರೆ ಹಿಡಿಯದೇ ಹೋಗುವ ಸಂಭವ ಹೆಚ್ಚು. ಮೂಳೆ ಸವೆತಕ್ಕೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಕೀಳಿಸುವ ಮೊದಲೇ ಹೇಳಬೇಕು. ರಕ್ತ ತೆಳುವಾಗುವ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು. ಹಾಕಿದ ಇಂಪ್ಲಾಂಟಿನ ಕಂಪನಿ ಹೆಸರು, ಅಳತೆ ಇರುವ ಚೀಟಿ ಕೇಳಿ ಪಡೆಯಿರಿ, ಹತ್ತು ವರ್ಷದ ಮೇಲೆ ತಿರುಪು ಸಡಿಲವಾದರೆ ಅದೇ ಕಂಪನಿಯ ಬಿಡಿಭಾಗ ಬೇಕಾಗುತ್ತದೆ. ಅಡಿಕೆ, ಗುಟ್ಕಾ ಜಗಿದು ಬಾಯಿ ಮೂರು ಬೆರಳು ಹೋಗುವಷ್ಟೂ ತೆರೆಯದಿದ್ದರೆ ಯಾವ ಚಿಕಿತ್ಸೆಯೂ ಕಷ್ಟ, ಮೊದಲು ಅದನ್ನು ತೋರಿಸಿ.

ಪೂರ್ತಿ ಹಲ್ಲಿಲ್ಲದ ಹಿರಿಯರಿಗೆ ಸೆಟ್ಟು. ಕಿತ್ತ ಮೇಲೆ ಕನಿಷ್ಠ ಆರರಿಂದ ಎಂಟು ವಾರ ಬಿಟ್ಟು ಅಳತೆ ಕೊಡಬೇಕು. ಸುಮಾರು ಐದು ಸಲ ಹೋಗಬೇಕಾಗುತ್ತದೆ: ಮೊದಲ ಅಚ್ಚು, ಕರಾರುವಾಕ್ಕಾದ ಎರಡನೇ ಅಚ್ಚು, ಮೇಣದ ದಿಂಡಿನಿಂದ ಎರಡು ದವಡೆಯ ಅಂತರದ ಅಳತೆ, ಮೇಣದಲ್ಲಿ ಹಲ್ಲು ಜೋಡಿಸಿ ನೋಡುವುದು, ಆಮೇಲೆ ಸೆಟ್ಟು. ನಾಲ್ಕನೇ ಸಲಕ್ಕೆ ಮನೆಯವರೊಬ್ಬರು ಜೊತೆಗೆ ಹೋಗಿ. ಹಲ್ಲಿನ ಬಣ್ಣ, ಉದ್ದ, ತುಟಿ ಉಬ್ಬಿದೆಯೇ ಎಂದು ಹೇಳುವ ಕೊನೆಯ ಅವಕಾಶ ಅದೇ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತ ಸೆಟ್ಟು ಕೊಡಲು ರಾಜ್ಯ ಸರ್ಕಾರ ತಂದದ್ದು ದಂತ ಭಾಗ್ಯ ಯೋಜನೆ, ಜಿಲ್ಲಾಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ತುಮಕೂರಿನ ಶ್ರೀ ಸಿದ್ಧಾರ್ಥ, ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಂಥ ಕಡೆ ಖರ್ಚು ಕಡಿಮೆ, ವಿದ್ಯಾರ್ಥಿಗಳು ಮೇಷ್ಟ್ರ ಕಣ್ಣೆದುರು ಮಾಡುವುದರಿಂದ ಹೊತ್ತು ಹೆಚ್ಚು ಹಿಡಿಯುತ್ತದೆ.

ಹೊಸ ಸೆಟ್ಟಿನ ಮೊದಲ ವಾರಕ್ಕೆ ನಮ್ಮ ಕಡೆಯ ಊಟವೇ ಅನುಕೂಲ. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ತುತ್ತು ಮಾತ್ರ ಚಿಕ್ಕದಿರಲಿ. ಆಮೇಲೆ ಮೆತ್ತಗೆ ಬೆಂದ ಅನ್ನ, ಹಿತಕಿದ ಬೇಳೆ, ಎರಡೂ ಕಡೆ ಸಮವಾಗಿ ಹಾಕಿಕೊಂಡು ಅಗಿಯಿರಿ, ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಏಳುತ್ತದೆ. ಸೀಬೆಕಾಯಿ, ಜೋಳದ ತೆನೆಯನ್ನು ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯಬೇಡಿ. ಸ, ಶ ತೊದಲಿದರೆ ದಿನಾ ಪೇಪರನ್ನು ಗಟ್ಟಿಯಾಗಿ ಓದಿ. ಎಲ್ಲಾದರೂ ಹುಣ್ಣಾದರೆ ಬ್ಲೇಡಿನಿಂದ ಕೆರೆಯದೆ ಡಾಕ್ಟರ ಬಳಿ ಹೋಗಿ, ಹೋಗುವ ಹಿಂದಿನ ದಿನ ಸೆಟ್ಟು ಹಾಕಿಕೊಂಡೇ ಇರಿ, ಒತ್ತುವ ಜಾಗ ಕೆಂಪಾಗಿ ಕಂಡರೆ ಅಷ್ಟನ್ನೇ ಉಜ್ಜುತ್ತಾರೆ. ರಾತ್ರಿ ತೆಗೆದು ತಣ್ಣೀರಿನಲ್ಲಿಡಿ, ಬಿಸಿನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ. ತೊಳೆಯುವಾಗ ಕೆಳಗೆ ನೀರಿನ ಬೇಸನ್ ಇಟ್ಟುಕೊಳ್ಳಿ, ಕೈಜಾರಿದರೂ ಒಡೆಯುವುದಿಲ್ಲ.

ಬಿದ್ದು ಹಲ್ಲು ಪೂರ್ತಿ ಕಳಚಿದರೆ

ಸೈಕಲ್ಲಿನಿಂದ ಬಿದ್ದ ಹುಡುಗನ ಮುಂದಿನ ಶಾಶ್ವತ ಹಲ್ಲು ಬೇರು ಸಮೇತ ಕಳಚಿ ಬಂದರೆ ಗಡಿಯಾರ ನೋಡಿಕೊಳ್ಳಿ. ಹಲ್ಲನ್ನು ಹುಡುಕಿ, ಬೆಳ್ಳಗಿನ ಮೇಲ್ಭಾಗ ಹಿಡಿದು ಎತ್ತಿ, ಬೇರು ಮುಟ್ಟಬೇಡಿ. ಮಣ್ಣಾಗಿದ್ದರೆ ಹಾಲಿನಿಂದಲೋ ನೀರಿನಿಂದಲೋ ಕೆಲವೇ ಸೆಕೆಂಡ್ ತೊಳೆಯಿರಿ, ತಿಕ್ಕಬೇಡಿ, ಡೆಟಾಲ್ ಹಾಕಬೇಡಿ. ಧೈರ್ಯವಿದ್ದರೆ ಅದೇ ಗುಳಿಗೆ ಅದೇ ದಿಕ್ಕಿನಲ್ಲಿ ಕೂರಿಸಿ, ಬಟ್ಟೆ ಕಚ್ಚಿಸಿ ಹೊರಡಿ. ಆಗದಿದ್ದರೆ ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಮುಳುಗಿಸಿ ಒಯ್ಯಿರಿ. ಕಾಗದದಲ್ಲಿ ಸುತ್ತಿದರೆ, ನೀರಿನಲ್ಲಿ ನೆನೆಹಾಕಿದರೆ ಬೇರಿನ ಮೇಲಿನ ಜೀವಕೋಶ ಸಾಯುತ್ತವೆ. ಅರ್ಧ ಗಂಟೆಯೊಳಗೆ ಕೂತರೆ ಉಳಿಯುವ ಆಸೆ ಹೆಚ್ಚು, ಒಣಗಿ ಒಂದು ಗಂಟೆ ದಾಟಿದರೆ ಬಹಳ ಕಡಿಮೆ. ಹಾಲುಹಲ್ಲಾದರೆ ಮತ್ತೆ ಕೂರಿಸಬಾರದು, ಒಳಗಿನ ಶಾಶ್ವತ ಹಲ್ಲಿಗೆ ಏಟಾಗುತ್ತದೆ. ಮತ್ತೆ ಕೂರಿಸಿದ ಶಾಶ್ವತ ಹಲ್ಲನ್ನು ಡಾಕ್ಟರು ಪಕ್ಕದ ಹಲ್ಲಿಗೆ ಸೇರಿಸಿ ಎರಡು ವಾರ ತೆಳು ತಂತಿ ಅಂಟಿಸುತ್ತಾರೆ. ಟಿಟಿ ಇಂಜೆಕ್ಷನ್ ಕೇಳಿ, ಮೆತ್ತನೆಯ ಊಟ ಕೊಡಿ. ಬೇರು ಪೂರ್ತಿ ಬೆಳೆದ ಹಲ್ಲಿಗೆ ಆ ಎರಡು ವಾರದೊಳಗೇ ರೂಟ್ ಕೆನಾಲ್ ಶುರುವಾಗಬೇಕು, ತಡವಾದರೆ ಸತ್ತ ನರದ ಸೋಂಕಿಗೆ ಬೇರು ಒಳಗಿಂದೊಳಗೇ ಕರಗುತ್ತದೆ.